ಬೋಳಾರದ ಗೋಡೆ: ಮಳೆಗೆ ಹುಲಿಯ ಮುಖ ಎದ್ದು ಹೋಯಿತು. ಮತ್ತೆ ಬರೆಯಬೇಕಾ, ಬಿಡಬೇಕಾ?

ಬೋಳಾರದ ಪೋರ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಉಂಟು, ಸಹಿಸಿಕೊಳ್ಳಿ.

ಮಂಗಳೂರಿನ ಬೋಳಾರದಿಂದ ಹೊಯಿಗೆಬಜಾರ್ ಕಡೆ ಇಳಿಯುವ ಒಂದು ಚಡಾವಿನಲ್ಲಿ, ಮುಚ್ಚಿಹೋದ ಹಂಚಿನ ಕಾರ್ಖಾನೆಯ ಹಳೆ ಪಾಗಾರ ಉಂಟು. ಸುಮಾರು 60 ಅಡಿ ಉದ್ದ. ಅದರ ಮುಂದೆ ಮೂರು ರಿಕ್ಷಾ ನಿಲ್ಲುವಷ್ಟು ಖಾಲಿ ಜಾಗ. ನನಗೆ ಬುದ್ಧಿ ಬಂದಾಗಿನಿಂದ ಅದು ಕಸ ಬಿಸಾಡುವ ಜಾಗವೇ.

ಕಳೆದ ವರ್ಷ ದೀಪಾವಳಿ ಕಳೆದ ಮೇಲೆ ನಾವು ಒಂಬತ್ತು ಜನ ಸೇರಿದೆವು. ಹೆಚ್ಚಿನವರು ಕಾಲೇಜಿನವರು, ಇಬ್ಬರು ಕೆಲಸಕ್ಕೆ ಹೋಗುವವರು, ಒಬ್ಬ ಬೋರ್ಡ್ ಬರೆಯುವವರ ಮಗ. ನಾಲ್ಕು ಭಾನುವಾರ ಕಸ ಎತ್ತಿದೆವು. ಎರಡು ಟೆಂಪೋ ತುಂಬಿತು. ಆಮೇಲೆ ಗೋಡೆ ಉಜ್ಜಿ, ಪ್ರೈಮರ್ ಹಚ್ಚಿ, ಚಿತ್ರ ಬರೆದೆವು. ಒಂದು ಬದಿ ಹುಲಿವೇಷ, ನಡುವೆ ಹಂಚು ಹೊರುವ ಕೆಲಸಗಾರ, ಕೊನೆಗೆ ನೇತ್ರಾವತಿ ಮತ್ತು ದೋಣಿ. ಖರ್ಚು 18,400 ರೂಪಾಯಿ, ಎಲ್ಲ ನಮ್ಮ ಕಿಸೆಯಿಂದ. ಜನವರಿಯಿಂದ ಮೇ ತನಕ ತಿಂಗಳಿಗೊಂದು ಭಾನುವಾರ ಸಂಜೆ ಅಲ್ಲಿ ಏನಾದರೂ ಮಾಡಿದೆವು. ಒಮ್ಮೆ ತಾಳಮದ್ದಳೆ, ಒಮ್ಮೆ ಮಕ್ಕಳಿಂದ ಚಿತ್ರ, ಒಮ್ಮೆ ಸುಮ್ನೆ ಗಿಟಾರ್.

ಮೇ ಕೊನೆಗೆ ಪತ್ತನಾಜೆ ಕಳೆಯಿತು, ಮಳೆ ಹಿಡಿಯಿತು. ಜುಲೈಯಲ್ಲಿ ನೋಡಿದರೆ ಗೋಡೆ ತುಂಬಾ ಗುಳ್ಳೆ. ಆಗಸ್ಟ್‌ನಲ್ಲಿ ಹುಲಿಯ ಮುಖ ಹಪ್ಪಳದ ಹಾಗೆ ಎದ್ದು ಬಿತ್ತು. ಈಗ ಅರ್ಧ ಗೋಡೆ ಪಾಚಿ. ಅದಕ್ಕಿಂತ ಬೇಜಾರೆಂದರೆ ಕಸ ವಾಪಸ್ ಬಂದಿದೆ. ಅದೂ ಹುಲಿಯ ಕಾಲ ಬುಡದಲ್ಲೇ.

ನಮ್ಮಲ್ಲಿ ಈಗ ಎರಡು ಪಕ್ಷ. ನವರಾತ್ರಿಗೆ ಮೊದಲು ಮತ್ತೆ ಬರೆಯುವ ಎಂದು ಕೆಲವರು. ಪ್ರತಿ ವರ್ಷ 18 ಸಾವಿರ ತೋಡಿಗೆ ಹಾಕುವುದಾ ಎಂದು ಕೆಲವರು. ನಿಮ್ಮ ಅಭಿಪ್ರಾಯ ಏನು?

ನೀರುದೋಸೆ
ಫೋಟೋ ಎಲ್ಲಿ?

ಬೋಳಾರದ ಪೋರ
ಈಗಿನ ಫೋಟೋ ಹಾಕಲು ನಾಚಿಕೆ ಆಗುತ್ತದೆ ಮಾರಾಯ್ರೇ.

ಮುರಕಲ್ಲು
ನಾನು ಸಿವಿಲ್ ಕೆಲಸದವ. ಒಂದು ಪ್ರಶ್ನೆ. ಗೋಡೆಯ ಹಿಂದೆ ಮಣ್ಣು ಎಷ್ಟು ಎತ್ತರಕ್ಕೆ ಉಂಟು? ಕಾರ್ಖಾನೆಯ ಬದಿಯ ನೆಲ ರಸ್ತೆಗಿಂತ ಮೇಲಾ?

ಬೋಳಾರದ ಪೋರ
ಹೌದು. ಆ ಬದಿ ಸುಮಾರು ನಾಲ್ಕು ಅಡಿ ಎತ್ತರ. ಚಡಾವು ಅಲ್ವಾ.

ಮುರಕಲ್ಲು
ಹಾಗಾದರೆ ನಿಮ್ಮ ಬಣ್ಣ ಮಳೆಗೆ ಹೋದದ್ದಲ್ಲ. ಹಿಂದಿನಿಂದ ಬಂದ ನೀರಿಗೆ ಹೋದದ್ದು. ನಿಮ್ಮ ಗೋಡೆಯ ಮುರಕಲ್ಲು (ಕೆಂಪುಕಲ್ಲು) ಅಂದರೆ ಸ್ಪಂಜು. ನಾಲ್ಕು ತಿಂಗಳು ಹಿಂದಿನ ಮಣ್ಣು ನೀರು ಕುಡಿಯುತ್ತದೆ, ಆ ನೀರು ಕಲ್ಲಿನೊಳಗಿಂದ ಈಚೆ ಬರುತ್ತದೆ. ಈಚೆ ನೀವು ಪ್ಲಾಸ್ಟಿಕ್ ಹಾಳೆಯ ಹಾಗೆ ಎಮಲ್ಷನ್ ಹಚ್ಚಿದ್ದೀರಿ. ನೀರಿಗೆ ಹೊರಗೆ ಬರಲು ಜಾಗ ಬೇಕು, ಬಣ್ಣವನ್ನು ತಳ್ಳುತ್ತದೆ, ಗುಳ್ಳೆ ಏಳುತ್ತದೆ. ಗುಳ್ಳೆಯ ಒಳಗೆ ಬಿಳಿ ಉಪ್ಪು ಕಂಡಿತಾ? ಕಂಡಿದ್ದರೆ ನಾನು ಹೇಳಿದ್ದೇ ಸರಿ.

ಎಷ್ಟು ದುಬಾರಿ ಬಣ್ಣ ತಂದರೂ ಇದೇ ಕಥೆ. ಜಾಸ್ತಿ ಒಳ್ಳೆಯ ಬಣ್ಣ ಆದರೆ ಜಾಸ್ತಿ ದೊಡ್ಡ ಗುಳ್ಳೆ.

ಬೋಳಾರದ ಪೋರ
ಬಿಳಿ ಪುಡಿ ಕಂಡಿತು ಸರ್. ನಾವು ಅದನ್ನು ಪ್ರೈಮರ್ ಎದ್ದದ್ದು ಅಂದುಕೊಂಡೆವು 😓

ದಕ್ಕೆ ಬದಿಯವ
ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಮೊಸ್ಕೇನಿ ಬರೆದ ಚಿತ್ರಗಳು 1900ರ ಆಸುಪಾಸಿನವು. ಇವತ್ತಿಗೂ ಇವೆ. ಇದೇ ಊರು, ಇದೇ ಮಳೆ. ಕೆಲಸ ಗೊತ್ತಿರುವವರು ಮಾಡಿದರೆ ಉಳಿಯುತ್ತದೆ.

ನೀರುದೋಸೆ
ಅದು ಒಳಗೆ ಉಂಟು ಮಾರಾಯ. ತಲೆ ಮೇಲೆ ಮಾಡು ಉಂಟು. ನಮ್ಮ ಹುಲಿಗೆ ಕೊಡೆ ಹಿಡಿಯುವವರು ಯಾರು?

ಖಾರ ಮಂಡಕ್ಕಿ
ನೇರ ಹೇಳುತ್ತೇನೆ, ಬೇಜಾರು ಮಾಡಬೇಡಿ. ಇದೆಲ್ಲ ರೀಲ್ಸ್‌ಗೆ ಮಾಡುವುದು. ಕಸ ಎತ್ತಲು ನಾವು ತೆರಿಗೆ ಕಟ್ಟುತ್ತೇವೆ. ಹುಡುಗರು ಪುಕ್ಕಟೆ ಎತ್ತಿದರೆ ಎತ್ತಬೇಕಾದವರು ಆರಾಮ ಕೂರುತ್ತಾರೆ. ಮುರಿದ ಫುಟ್‌ಪಾತಿನ ಪಕ್ಕ ಹುಲಿ ಬರೆದರೆ ಫುಟ್‌ಪಾತ್ ಸರಿ ಆಗುತ್ತದಾ? ಆ 18 ಸಾವಿರ ಹಿಡಿದುಕೊಂಡು ಕಚೇರಿಯ ಬಾಗಿಲಲ್ಲಿ ಕೂತಿದ್ದರೆ ಏನಾದರೂ ಆಗುತ್ತಿತ್ತು.

ಬೋಳಾರದ ಪೋರ
ಅಣ್ಣಾ, ಕಚೇರಿಗೂ ಹೋಗಿದ್ದೇವೆ. ಮೂರು ಅರ್ಜಿ ಕೊಟ್ಟಿದ್ದೇವೆ. ಮೂರನೆಯದಕ್ಕೆ ಸೀಲ್ ಹೊಡೆದು ಕೊಟ್ಟರು, ಅಷ್ಟೇ. ರೀಲ್ಸ್ ಮಾಡಿದ್ದೂ ಹೌದು. ಅದನ್ನು ನೋಡಿಯೇ ಒಬ್ಬರು ಅರ್ಧದಷ್ಟು ಬಣ್ಣ ರಿಯಾಯಿತಿಯಲ್ಲಿ ಕೊಟ್ಟರು. ನೀವು ಯಾವ ಜಾಗ ಗುಡಿಸಿದ್ದೀರಿ, ಕೇಳಬಹುದಾ?

ಖಾರ ಮಂಡಕ್ಕಿ
ನನ್ನ ಮನೆಯ ಎದುರಿನದು. ದಿನಾ. ಫೋಟೋ ತೆಗೆದಿಲ್ಲ.

ಹಂಪನಕಟ್ಟೆ ಹಳಬ
ಜಗಳ ಬೇಡ. ರಾಮಕೃಷ್ಣ ಮಠದ ಸ್ವಚ್ಛ ಮಂಗಳೂರು ಅಭಿಯಾನದಲ್ಲಿ ನಾವೂ ಭಾನುವಾರ ಬೆಳಿಗ್ಗೆ ಪೊರಕೆ ಹಿಡಿದವರು. ಎಷ್ಟೋ ಬಸ್ ಸ್ಟ್ಯಾಂಡ್, ಗೋಡೆಗಳಿಗೆ ಬಣ್ಣ ಬಂತು. ನನ್ನ ಅನುಭವ ಹೇಳುವುದಾದರೆ, ಬಣ್ಣ ಹಚ್ಚಿದ್ದರಿಂದ ಉಳಿದ ಜಾಗ ಕಮ್ಮಿ. ಪಕ್ಕದ ಅಂಗಡಿಯವನೋ, ರಿಕ್ಷಾ ಪಾರ್ಕಿನವರೋ ‘ಇದು ನಮ್ಮದು’ ಅಂದುಕೊಂಡ ಕಡೆ ಉಳಿಯಿತು. ಯಾರೂ ಇಲ್ಲದ ಕಡೆ ಒಂದು ತಿಂಗಳಲ್ಲಿ ಮತ್ತೆ ಅದೇ.

ಬೆಂಗಳೂರು ಪಾಲಾದವ
ಇಲ್ಲಿ ‘ದಿ ಅಗ್ಲಿ ಇಂಡಿಯನ್’ ಎನ್ನುವ ಹೆಸರಿಲ್ಲದವರ ಗುಂಪು ಉಂಟು. 2010ರಿಂದ ಮಾಡುತ್ತಿದ್ದಾರೆ. ಯಾರು, ಏನು ಎಂದು ಹೇಳುವುದಿಲ್ಲ. ಬಂದು ಕೆಲಸ ಮಾಡಿ ಹೋಗುತ್ತಾರೆ. ಅವರ ಒಂದು ಉಪಾಯ ನನಗೆ ಇಷ್ಟ. ಗೋಡೆಯ ಕೆಳಭಾಗಕ್ಕೆ ಕೆಂಗಂದು ಬಣ್ಣದ ಪಟ್ಟಿ, ಮೇಲೆ ತಿಳಿ ಬಣ್ಣ. ಎಲೆ ಅಡಿಕೆ ಉಗಿದರೂ ಕೆಂಗಂದಿನಲ್ಲಿ ಕಾಣುವುದಿಲ್ಲ. ಚಿತ್ರ ಬರೆಯುವುದೇ ಇಲ್ಲ. ಫ್ಲೈಓವರಿನ ಕಂಬಗಳಿಗೂ ಬರೀ ತ್ರಿಕೋನ, ಪಟ್ಟಿ. ಹಾಳಾದರೆ ಯಾರು ಬೇಕಾದರೂ ಮತ್ತೆ ಹಚ್ಚಬಹುದು, ಕಲಾವಿದರೇ ಬರಬೇಕೆಂದಿಲ್ಲ.

ನೀರುದೋಸೆ
ನಿಮ್ಮಲ್ಲಿ ಬೀಳುವುದು ಮಳೆಯಾ? ನಮ್ಮಲ್ಲಿ ಅದರ ಮೂರು ಪಟ್ಟಿಗಿಂತ ಜಾಸ್ತಿ ಬೀಳುತ್ತದೆ. ಅದೂ ಹೆಚ್ಚಿನದು ನಾಲ್ಕೇ ತಿಂಗಳಲ್ಲಿ.

ಬೆಂಗಳೂರು ಪಾಲಾದವ
ಗೊತ್ತುಂಟು ಮಾರಾಯ, ನಾನು ಹುಟ್ಟಿದ್ದು ಜೆಪ್ಪುವಿನಲ್ಲಿ.

ಕಂಕನಾಡಿ ಕುವರಿ
ಫ್ಲೈಓವರ್ ಎಂದಾಗ ನೆನಪಾಯಿತು. ನಮ್ಮ ಪಂಪ್‌ವೆಲ್ಲಿನ ಕೆಳಗೂ ಏನಾದರೂ ಬರೆಯಬಹುದು. ಕಟ್ಟಲು ತೆಗೆದುಕೊಂಡ ವರ್ಷಗಳದ್ದೇ ಒಂದು ಚಿತ್ರಕಥೆ ಮಾಡಬಹುದು. 2020ರ ಜನವರಿ 31ರಂದು ಉದ್ಘಾಟನೆ ಆದಾಗ ನಮ್ಮ ಮನೆಯಲ್ಲಿ ಪಾಯಸ ಮಾಡಿದ್ದರು.

ದಕ್ಕೆ ಬದಿಯವ
ಪಂಪ್‌ವೆಲ್ ಜೋಕು ಇನ್ನೂ ಮುಗಿಯಲಿಲ್ಲವಾ 😂

ಪಟ್ಟೆ ಪಿಲಿ
ನಾನು ಹತ್ತು ವರ್ಷದಿಂದ ನವರಾತ್ರಿಗೆ ವೇಷ ಹಾಕುವವ. ಆ ಗೋಡೆಯ ಹುಲಿ ನೋಡಿದ್ದೇನೆ. ಹೇಳಿದರೆ ಸಿಟ್ಟು ಬರಬಹುದು, ಅದು ನಮ್ಮ ಹುಲಿ ಅಲ್ಲ. ಕಾಡಿನ ಹುಲಿಗೆ ಚಡ್ಡಿ ಹಾಕಿದ ಹಾಗೆ ಉಂಟು. ವೇಷದ ಪಟ್ಟೆಗೆ ಒಂದು ಲೆಕ್ಕ ಉಂಟು. ಹೊಟ್ಟೆಯ ಮೇಲೆ ಹೇಗೆ ತಿರುಗಬೇಕು, ತೊಡೆಯಲ್ಲಿ ಎಲ್ಲಿ ಸಣ್ಣ ಆಗಬೇಕು ಎಂದು ಬಣ್ಣ ಬರೆಯುವವರನ್ನೇ ಕೇಳಬೇಕು. ಪಿಲಿ ಅಂದರೆ ತುಳುವಿನಲ್ಲಿ ಹುಲಿ. ಪಟ್ಟೆ ಪಿಲಿ ಬೇರೆ, ಚಿಟ್ಟೆ ಪಿಲಿ ಬೇರೆ, ಕರಿ ಪಿಲಿ ಬೇರೆ. ನೀವು ಗೂಗಲ್ ನೋಡಿ ಬರೆದದ್ದು ಅಲ್ವಾ?

ಬೋಳಾರದ ಪೋರ
ಅಣ್ಣಾ... ಹೌದು.

ರಥಬೀದಿ ಅಕ್ಕ
ಹುಲಿ ವಿಷಯ ಬಂದರೆ ಉಡುಪಿಯವರನ್ನು ಕೇಳಿ. ಕೃಷ್ಣಾಷ್ಟಮಿ, ಅದರ ಮರುದಿನದ ವಿಟ್ಲಪಿಂಡಿಗೆ ರಥಬೀದಿಗೆ ಬನ್ನಿ, ಹುಲಿ ಅಂದರೆ ಏನು ಎಂದು ಗೊತ್ತಾಗುತ್ತದೆ.

ಪಟ್ಟೆ ಪಿಲಿ
ಅಕ್ಕಾ, ನೀವು ಶುರು ಮಾಡಬೇಡಿ 🙏 ಕುದ್ರೋಳಿ ದಸರಾ ಮೆರವಣಿಗೆಯಲ್ಲಿ ಒಂದು ರಾತ್ರಿ ನಿಂತು ನೋಡಿ, ಆಮೇಲೆ ಮಾತಾಡುವ.

ರಥಬೀದಿ ಅಕ್ಕ
ನೋಡಿದ್ದೇನೆ. ಟ್ರಾಲಿಯ ಸೌಂಡಿಗೆ ತಾಸೆಯ ಬಡಿತವೇ ಕೇಳಿಸಲಿಲ್ಲ.

ಪಟ್ಟೆ ಪಿಲಿ
ಅದು ಮಾತ್ರ ನಿಜ.

ಇನ್ನೊಂದು ಮಾತು. ವೇಷದ ಬಣ್ಣವನ್ನು ನಾವು ಉಳಿಸಲು ಹಚ್ಚುವುದಿಲ್ಲ. ಗಂಟೆಗಟ್ಟಲೆ ನಿಂತು ಬರೆಸಿಕೊಳ್ಳುತ್ತೇವೆ, ಕುಣಿಯುತ್ತೇವೆ, ಮುಗಿದ ಮೇಲೆ ಸೀಮೆಎಣ್ಣೆ ಹಚ್ಚಿ ಉಜ್ಜಿ ತೆಗೆಯುತ್ತೇವೆ. ಮುಂದಿನ ವರ್ಷ ಮತ್ತೆ. ಗೋಡೆಗೂ ಹಾಗೆಯೇ ಮಾಡಿ. ಪ್ರತಿ ನವರಾತ್ರಿಗೆ ಹೊಸ ಹುಲಿ.

ಖಾರ ಮಂಡಕ್ಕಿ
ನಿಮಗೆ ಬಣ್ಣದ ದುಡ್ಡು ಮನೆ ಮನೆಯಲ್ಲಿ ಕಾಣಿಕೆ ಸಿಗುತ್ತದೆ. ಈ ಮಕ್ಕಳಿಗೆ ಯಾರು ಕೊಡುತ್ತಾರೆ?

ರಥಬೀದಿ ಅಕ್ಕ
ಎಮಲ್ಷನ್ ಬಿಡಿ, ಸುಣ್ಣಕ್ಕೆ ಬನ್ನಿ. ನಮ್ಮ ಕರಾವಳಿಯಲ್ಲೇ ಕಾವಿ ಕಲೆ ಎಂದು ಉಂಟು. ಇಲ್ಲಿಂದ ಗೋವಾದ ತನಕ ಹಳೆ ದೇವಸ್ಥಾನಗಳ ಗೋಡೆಯಲ್ಲಿ ನೋಡಿರಬಹುದು, ಬಿಳಿ ಮೇಲೆ ಕೆಂಪು ಬಳ್ಳಿ, ಹೂವು, ಆನೆ, ದೇವರು. ಅದು ಬ್ರಷ್ಷಿನಲ್ಲಿ ಬರೆದದ್ದಲ್ಲ. ಸುಣ್ಣದ ಸಾರಣೆ ಮಾಡಿ, ಅದರ ಮೇಲೆ ಕೆಮ್ಮಣ್ಣು ಬೆರೆಸಿದ ಸುಣ್ಣದ ತೆಳು ಪದರ ಕೊಟ್ಟು, ಹಸಿ ಇರುವಾಗಲೇ ಮೊನೆಯಿಂದ ಕೆರೆದು ತೆಗೆಯುವುದು. ಕೆರೆದ ಕಡೆ ಕೆಳಗಿನ ಬಿಳಿ ಕಾಣುತ್ತದೆ. ಬಣ್ಣ ಗೋಡೆಯ ಮೇಲೆ ಕೂತಿರುವುದಿಲ್ಲ, ಗೋಡೆಯೇ ಬಣ್ಣ. ಏಳಲು ಪದರವೇ ಇಲ್ಲ. ನಾನು ಒಂದು ಶಿಬಿರದಲ್ಲಿ ಮೂರು ದಿನ ಕಲಿತಿದ್ದೇನೆ. ಕೈ ಸುಣ್ಣಕ್ಕೆ ಸುಟ್ಟಿತ್ತು, ಆದರೆ ಅಷ್ಟು ಖುಷಿ ಬೇರೆ ಯಾವ ಕೆಲಸದಲ್ಲೂ ಆಗಿಲ್ಲ.

ಮುರಕಲ್ಲು
ಅಕ್ಕ ಹೇಳಿದ್ದು ಒಳ್ಳೆಯ ದಾರಿ. ಸುಣ್ಣ ಉಸಿರಾಡುತ್ತದೆ, ಒಳಗಿನ ತೇವ ಹೊರಗೆ ಹೋಗಲು ಬಿಡುತ್ತದೆ. ಹಿಂದಿನವರು ಚಿಪ್ಪು ಸುಟ್ಟ ಸುಣ್ಣದಲ್ಲೇ ಕಟ್ಟುತ್ತಿದ್ದರು. ಆದರೆ ಎರಡು ತಿದ್ದುಪಡಿ. ಒಂದು, ಹಿಂದೆ ಮಣ್ಣು ಇರುವ ಗೋಡೆಗೆ ಮೊದಲು ನೀರು ಹೋಗಲು ಬುಡದಲ್ಲಿ ತೂತು ಬೇಕು, ಇಲ್ಲದಿದ್ದರೆ ಸುಣ್ಣವೂ ಉದುರುತ್ತದೆ. ಎರಡು, ಈಗ ಮುಟ್ಟಲೇಬೇಡಿ. ಗೋಡೆ ಒಳಗೆ ಇನ್ನೂ ಚಂಡಿ, ಒದ್ದೆ. ದೀಪಾವಳಿ ಕಳೆಯಲಿ, ಡಿಸೆಂಬರಿಗೆ ಮಾಡಿ. ನವರಾತ್ರಿಯ ಆಸೆ ಬಿಡಿ.

ಬಂಟ್ಸ್ ಹಾಸ್ಟೆಲ್ ಬಸ್
ಗೋಡೆ ಯಾರದ್ದು ಎಂದು ಯಾರೂ ಕೇಳಲೇ ಇಲ್ಲವಲ್ಲ? ತೂತು ಕೊರೆಯಲು ಹೊರಟಿದ್ದೀರಿ. ಮಾಲೀಕರ ಕಾಗದ ಉಂಟಾ? ತೆರೆದ ಜಾಗಗಳನ್ನು ವಿರೂಪ ಮಾಡದಂತೆ ತಡೆಯಲು ರಾಜ್ಯದಲ್ಲಿ 1981ರಿಂದಲೇ ಕಾಯ್ದೆ ಉಂಟು. ಒಳ್ಳೆಯ ಉದ್ದೇಶ ಎಂದು ಹೇಳಿದರೆ ಯಾರೂ ಕೇಳುವುದಿಲ್ಲ. ಮಾಲೀಕರಿಂದ ಒಂದು ಪುಟ ಬರೆಸಿಕೊಳ್ಳಿ, ಅದರ ನಕಲು ಅರ್ಜಿಗೆ ಲಗತ್ತಿಸಿ.

ಬೋಳಾರದ ಪೋರ
ವಾಚ್‌ಮನ್ ಅಜ್ಜ ‘ಬರೆಯಿರಿ ಮಕ್ಕಳೇ’ ಅಂದಿದ್ದರು. ಅಷ್ಟೇ ನಮ್ಮ ಕಾಗದ.

ದಕ್ಕೆ ಬದಿಯವ
ಮಾಲೀಕರನ್ನು ಕೇಳಲು ಹೋದರೆ ಅಲ್ಲಿ ಫ್ಲಾಟ್ ಏಳುವ ಸುದ್ದಿ ಸಿಗುತ್ತದೆ, ಅಷ್ಟೇ. ಕೊಚ್ಚಿಯಲ್ಲಿ 2012ರ ಡಿಸೆಂಬರ್ 12ರಂದು ಬಿನಾಲೆ ಎಂಬ ದೊಡ್ಡ ಕಲಾ ಪ್ರದರ್ಶನ ಶುರು ಮಾಡಿದಾಗ ಹಳೆ ವ್ಯಾಪಾರಿ ಕಂಪನಿಯ ಆಸ್ಪಿನ್‌ವಾಲ್ ಕಟ್ಟಡಗಳನ್ನೇ ಬಳಸಿದರು. ನಾವು ನಮ್ಮ ಹಂಚಿನ ಕಾರ್ಖಾನೆಗಳನ್ನು ಒಂದೊಂದಾಗಿ ಕೆಡವಿ, ಆಮೇಲೆ ಪಾಗಾರದ ಮೇಲೆ ಅದರ ಚಿತ್ರ ಬರೆಯುತ್ತೇವೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಇಲ್ಲಿ ಹಂಚು ಶುರು ಮಾಡಿದ್ದು. ಆ ಹಂಚು ಊರೂರಿಗೆ ಹೋಯಿತು. ಊರಿನಲ್ಲಿ ಅದಕ್ಕೊಂದು ಸರಿಯಾದ ಮ್ಯೂಸಿಯಂ ಆದರೂ ಬೇಡವಾ?

ಹಂಪನಕಟ್ಟೆ ಹಳಬ
ಎಲ್ಲವೂ ಹೋಗಿಲ್ಲ. ಕೊಡಿಯಾಲಗುತ್ತಿನ ಹಳೆ ಮನೆಯಲ್ಲಿ ಪರಂಪರೆ ಉಳಿಸುವ ಸಂಸ್ಥೆ ಇಂಟಾಕ್‌ನವರು ಚಿತ್ರ ಪ್ರದರ್ಶನ, ಮಾತುಕತೆ ಮಾಡುತ್ತಾರೆ. ಹೋಗಿ ನೋಡಿ. ಮಾಡಿನ ಕೆಳಗೆ ಕೂತು ಚಿತ್ರ ನೋಡುವುದೇ ಬೇರೆ.

ಓಡುದ ಪುಳ್ಳಿ
ನನ್ನ ಅಜ್ಜಿ ಹಂಚಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. ನಿಮ್ಮ ಚಿತ್ರವನ್ನು ಮಾರ್ಚ್‌ನಲ್ಲಿ ಅವರಿಗೆ ತೋರಿಸಲೆಂದೇ ಕರೆದುಕೊಂಡು ಬಂದಿದ್ದೆ. ಸ್ವಲ್ಪ ಹೊತ್ತು ನೋಡಿದರು. ‘ಇವ ಯಾರು?’ ಎಂದು ಕೇಳಿದರು. ಹಂಚು ಹೊರುವವ ಎಂದೆ. ‘ಹೊತ್ತದ್ದು ನಾವು. ಗಂಡಸರು ಒಲೆಯ ಹತ್ತಿರ, ಪ್ರೆಸ್ಸಿನ ಹತ್ತಿರ. ಹಸಿ ಹಂಚು ಒಣಗಲು ಇಡುವುದು, ತೆಗೆಯುವುದು, ಹೊರುವುದು ಎಲ್ಲ ಹೆಂಗಸರು’ ಅಂದರು. ಆಮೇಲೆ ಮನೆಗೆ ಹೋಗುವ ಎಂದು ಹೊರಟೇಬಿಟ್ಟರು.

ನಿಮ್ಮನ್ನು ಬೈಯಲು ಹೇಳಿದ್ದಲ್ಲ. ಬರೆಯುವ ಮೊದಲು ಎರಡು ಮನೆಗೆ ಹೋಗಿ ಕೇಳಿದ್ದರೆ ಇಂಥವರು ಹತ್ತು ಜನ ಸಿಗುತ್ತಿದ್ದರು. ಆ ಚಡಾವಿನಲ್ಲೇ ಇದ್ದಾರೆ.

ಬೋಳಾರದ ಪೋರ
ಅಕ್ಕಾ, ಏನು ಹೇಳಬೇಕೆಂದು ಗೊತ್ತಾಗುತ್ತಿಲ್ಲ. ಒಂದು ಇಂಗ್ಲಿಷ್ ಲೇಖನದ ಹಳೆ ಫೋಟೋ ನೋಡಿ ಬರೆದದ್ದು. ಅಜ್ಜಿಯನ್ನು ಒಮ್ಮೆ ನೋಡಲು ಬರಬಹುದಾ?

ಓಡುದ ಪುಳ್ಳಿ
ಬನ್ನಿ. ಮಧ್ಯಾಹ್ನ ಮಲಗುತ್ತಾರೆ, ನಾಲ್ಕು ಗಂಟೆ ಕಳೆದು ಬನ್ನಿ. ಕಿವಿ ಸ್ವಲ್ಪ ಮಂದ.

ಕಂಕನಾಡಿ ಕುವರಿ
ನಾನು ಕಳೆದ ಚಳಿಗಾಲದಲ್ಲಿ ಆ ದಾರಿಯಲ್ಲಿ ಟ್ಯೂಷನ್ನಿಗೆ ಹೋಗಿ ಬರುತ್ತಿದ್ದೆ. ಮೊದಲು ಸುತ್ತು ಬಳಸಿ ಹೋಗುತ್ತಿದ್ದೆವು. ಸಂಜೆ ಏಳರ ಮೇಲೆ ಅಲ್ಲಿ ಕತ್ತಲೆ, ಬಾಟಲಿ, ನಾಯಿ. ನೀವು ಚಿತ್ರ ಬರೆದದ್ದಕ್ಕಿಂತ, ಎದುರಿನ ಮನೆಯಿಂದ ವಯರ್ ಎಳೆದು ಒಂದು ದೀಪ ಹಾಕಿದಿರಲ್ಲ, ಅದರಿಂದ ನಾವು ಆ ದಾರಿ ಹಿಡಿದೆವು. ಜೂನ್‌ನಲ್ಲಿ ಆ ದೀಪ ಹೋಯಿತು. ಈಗ ಮತ್ತೆ ಸುತ್ತು ಬಳಸಿಯೇ ಹೋಗುತ್ತೇನೆ.

ಎದುರು ಮನೆ
ನಾನೇ ಆ ಎದುರು ಮನೆಯವಳು. ನನ್ನ ಮಗ ಈ ಚರ್ಚೆ ತೋರಿಸಿದ. ನಾನೂ ನಾಲ್ಕು ಮಾತು ಬರೆಯುತ್ತೇನೆ.

ದೀಪದ ಕರೆಂಟ್ ನಮ್ಮದು. ಮಳೆಗೆ ವಯರ್ ಶಾಕ್ ಹೊಡೆಯಿತು, ನಾನೇ ತೆಗೆಸಿದೆ. ಮಕ್ಕಳು ಒಳ್ಳೆಯವರು, ಇಲ್ಲ ಎನ್ನುವುದಿಲ್ಲ. ಆದರೆ ಮೊದಲ ದಿನ ಬಂದು ಗೋಡೆ ಉಜ್ಜಲು ಶುರು ಮಾಡಿದಿರಿ. ಎದುರಿನಲ್ಲಿ ಮನೆ ಉಂಟು, ಒಳಗೆ ಜನ ಉಂಟು, ಒಂದು ಮಾತು ಕೇಳುವ ಎಂದು ಅನಿಸಲಿಲ್ಲ. ನೀರು ಬೇಕಾದಾಗ ಮಾತ್ರ ಆಂಟಿ ಆಂಟಿ ಎಂದು ಬಂದಿರಿ. ಭಾನುವಾರ ಗೇಟಿನ ಎದುರು ಹನ್ನೆರಡು ಬೈಕ್. ನಮ್ಮ ಮಾವನನ್ನು ಒಮ್ಮೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಗಿತ್ತು, ಬೈಕ್ ತೆಗೆಸಲು ಹತ್ತು ನಿಮಿಷ ಹೋಯಿತು. ಗಿಟಾರ್ ರಾತ್ರಿ ಹತ್ತೂವರೆ ತನಕ. ತಾಳಮದ್ದಳೆ ಮಾತ್ರ ಚಂದ ಇತ್ತು. ಮಾವ ಕಿಟಕಿ ಹತ್ತಿರ ಕುರ್ಚಿ ಹಾಕಿ ಕೂತು ಕೇಳಿದರು.

ಇನ್ನು ಕಸ. ಎಲ್ಲಿಂದಲೋ ಬಂದು ಬಿಸಾಡುತ್ತಾರೆ ಎಂದು ಎಲ್ಲರೂ ಹೇಳುತ್ತಾರೆ. ಎಲ್ಲಿಂದಲೂ ಅಲ್ಲ. ನಮ್ಮ ಓಣಿಯವರೇ. ಮೇಲಿನ ಬಾಡಿಗೆ ಮನೆಗಳಲ್ಲಿ ಐದಾರು ಸಂಸಾರ ಬೆಳಿಗ್ಗೆ ಆರಕ್ಕೆ ದಕ್ಕೆಗೆ (ಮೀನಿನ ಬಂದರಿಗೆ), ಕೆಲಸಕ್ಕೆ ಹೋಗುವವರು. ಕಸದ ಗಾಡಿ ಬರುವುದು ಎಂಟೂವರೆಗೆ. ಮೀನಿನ ಕಸ ಮನೆಯೊಳಗೆ ಇಟ್ಟರೆ ನಾರುತ್ತದೆ, ಹೊರಗೆ ಇಟ್ಟರೆ ನಾಯಿ ಎಳೆಯುತ್ತದೆ. ಅವರು ಏನು ಮಾಡಬೇಕು? ಚಿತ್ರ ಬರೆದ ಮೇಲೆ ನಾಚಿಕೆಗೆ ನಾಲ್ಕು ತಿಂಗಳು ತೋಡಿಗೆ ಬಿಸಾಡಿದರು. ಮಳೆಗೆ ತೋಡು ತುಂಬಿ ನೀರು ನಮ್ಮ ಅಂಗಳಕ್ಕೆ ಬಂತು. ಈಗ ಮತ್ತೆ ಗೋಡೆಯ ಬುಡಕ್ಕೆ ತಂದಿದ್ದಾರೆ. ಸತ್ಯ ಹೇಳುವುದಾದರೆ ಅಂಗಳಕ್ಕಿಂತ ಅಲ್ಲಿರುವುದೇ ನನಗೆ ವಾಸಿ.

ನೀರುದೋಸೆ
ಇಷ್ಟು ಹೊತ್ತು ನಾವು ಸುಣ್ಣದ ಬಗ್ಗೆ ಮಾತಾಡುತ್ತಿದ್ದೆವು 🤦

ಖಾರ ಮಂಡಕ್ಕಿ
ನಾನು ಹೇಳಿದ್ದೂ ಇದನ್ನೇ.

ಹಂಪನಕಟ್ಟೆ ಹಳಬ
ಇಲ್ಲ, ನೀವು ಹೇಳಿದ್ದು ರೀಲ್ಸ್ ಬಗ್ಗೆ.

ಬೋಳಾರದ ಪೋರ
ಆಂಟಿ, ಮೊದಲು ಕ್ಷಮಿಸಿ. ಮಾವನ ವಿಷಯ ನಮಗೆ ಗೊತ್ತೇ ಇರಲಿಲ್ಲ. ಈಗ ನಮ್ಮ ಗುಂಪಿನ ಎಲ್ಲರಿಗೂ ನಿಮ್ಮ ಮಾತು ಕಳಿಸಿದೆ. ಯಾರೂ ಏನೂ ಉತ್ತರಿಸಲಿಲ್ಲ, ಎಲ್ಲರೂ ಓದಿದ್ದಾರೆ ಎಂದು ಮಾತ್ರ ತೋರಿಸುತ್ತದೆ.

ಒಂದು ಕೇಳುತ್ತೇನೆ. ಆ ಐದಾರು ಮನೆಯ ಕಸವನ್ನು ಮುಚ್ಚಳ ಇರುವ ಡ್ರಮ್ಮಿನಲ್ಲಿ ಹಾಕಿಸಿದರೆ ಆಗುತ್ತದಾ? ಎಂಟೂವರೆಗೆ ಗಾಡಿಗೆ ಎತ್ತಿಕೊಡಲು ನಮ್ಮಲ್ಲಿ ದಿನಕ್ಕೊಬ್ಬ ಬರಬಹುದು. ಕಾಲೇಜು ಒಂಬತ್ತಕ್ಕೆ.

ಎದುರು ಮನೆ
ಎಷ್ಟು ದಿನ ಬರುತ್ತೀರಿ? ಪರೀಕ್ಷೆ ಬಂದರೆ?

ಬೋಳಾರದ ಪೋರ
ಅದಕ್ಕೆ ಉತ್ತರ ಇಲ್ಲ ಆಂಟಿ.

ಬಂಟ್ಸ್ ಹಾಸ್ಟೆಲ್ ಬಸ್
ಗಾಡಿಯ ಸಮಯ ಬದಲಿಸಿ ಎಂದು ಓಣಿಯ ಮನೆಯವರೇ ಸಹಿ ಹಾಕಿ ಅರ್ಜಿ ಕೊಡಿ. ಹುಡುಗರ ಹೆಸರಿನಲ್ಲಿ ಬೇಡ. ನಮ್ಮ ಬದಿಯಲ್ಲಿ ಮೂವತ್ತು ಸಹಿ ಹೋದ ಮೇಲೆ ಗಾಡಿ ಮೊದಲು ನಮ್ಮ ರಸ್ತೆಗೆ ಬರಲು ಶುರುವಾಯಿತು. ಒಂದೂವರೆ ತಿಂಗಳು ಹಿಡಿಯಿತು. ಅಷ್ಟರ ತನಕ ಡ್ರಮ್ ನಡೆಯಲಿ.

ಮುರಕಲ್ಲು
ಡ್ರಮ್ಮಿನ ಬುಡದಲ್ಲಿ ಎರಡು ಕಲ್ಲು ಇಡಿ, ನೀರು ನಿಲ್ಲಬಾರದು.

ರಥಬೀದಿ ಅಕ್ಕ
ನನಗೆ ಒಂದು ಯೋಚನೆ. 60 ಅಡಿಯನ್ನೂ ತುಂಬಿಸುವುದು ಯಾಕೆ? ಡಿಸೆಂಬರಿನಲ್ಲಿ ಹತ್ತು ಅಡಿ ಮಾತ್ರ ಕಾವಿಯಲ್ಲಿ ಮಾಡುವ. ನಾನು ಉಡುಪಿಯಿಂದ ಬರುತ್ತೇನೆ, ಬಸ್ ಚಾರ್ಜ್ ಕೊಟ್ಟರೆ ಸಾಕು. ತಲೆಯಲ್ಲಿ ಹಂಚು ಹೊತ್ತ ಹೆಂಗಸರ ಒಂದು ಸಾಲು. ಕೆಂಪು ಬಿಳಿ, ಎರಡೇ ಬಣ್ಣ. ಹಂಚಿಗೂ ಅದೇ ಬಣ್ಣ ಅಲ್ವಾ.

ಓಡುದ ಪುಳ್ಳಿ
ಅಜ್ಜಿಗೆ ಓದಿ ಹೇಳಿದೆ. ‘ತಲೆಯಲ್ಲಿ ಸಿಂಬಿ ಬರೆಯಲು ಹೇಳು, ಬರೀ ತಲೆಯಲ್ಲಿ ಯಾರೂ ಹೊರುವುದಿಲ್ಲ’ ಅಂದರು.

ದಕ್ಕೆ ಬದಿಯವ
ಉಳಿದ ಐವತ್ತು ಅಡಿಯಲ್ಲಿ ಮಂಗಳೂರು ಸಮಾಚಾರ ಬರೆಯಿರಿ. 1843ರ ಜುಲೈ 1, ಕನ್ನಡದ ಮೊದಲ ಪತ್ರಿಕೆ, ನಮ್ಮ ಊರಿನದ್ದು. ಎಷ್ಟು ಜನಕ್ಕೆ ಗೊತ್ತು?

ನೀರುದೋಸೆ
ಉಳಿದ ಐವತ್ತು ಅಡಿಯನ್ನು ಸುಮ್ನೆ ಬಿಡಿ ಮಾರಾಯ್ರೇ. ಪಾಚಿಗೂ ಜಾಗ ಬೇಡವಾ?

ಪಟ್ಟೆ ಪಿಲಿ
ಹುಲಿ ಬೇಡ ಎಂದಾಯಿತಾ ಹಾಗಾದರೆ?

ಬೋಳಾರದ ಪೋರ
ಹುಲಿಗೆ ಗೋಡೆ ಬೇಡ ಅಣ್ಣಾ. ನವರಾತ್ರಿಗೆ ನಿಮ್ಮ ತಂಡವೇ ಅಲ್ಲಿ ಹತ್ತು ನಿಮಿಷ ಕುಣಿಯುತ್ತದಾ?

ಪಟ್ಟೆ ಪಿಲಿ
ಚಡಾವಿನಲ್ಲಿ ಪಲ್ಟಿ ಹೊಡೆದರೆ ಸೀದಾ ನೇತ್ರಾವತಿಗೆ. ನೋಡುವ, ಗುರುಗಳನ್ನು ಕೇಳಿ ಹೇಳುತ್ತೇನೆ.

ಎದುರು ಮನೆ
ಬರುವುದಾದರೆ ಸಂಜೆ ಬೇಗ ಬನ್ನಿ, ಮಾವ ಎಂಟಕ್ಕೆ ಮಲಗುತ್ತಾರೆ. ಬೈಕ್ ಮೇಲೆ ದೇವಸ್ಥಾನದ ಹತ್ತಿರ ನಿಲ್ಲಿಸಿ ನಡೆದು ಬನ್ನಿ. ಡ್ರಮ್ ನಮ್ಮಲ್ಲಿ ಒಂದು ಹಳೆಯದು ಉಂಟು, ಮುಚ್ಚಳ ಮಾತ್ರ ಇಲ್ಲ. ಏಣಿಯೂ ಉಂಟು. ಆದರೆ ಕಳೆದ ಸಲ ಕೊಂಡುಹೋದ ನೀಲಿ ಬಕೆಟ್ ಇನ್ನೂ ಬಂದಿಲ್ಲ.

ಬೋಳಾರದ ಪೋರ
ಅದು ನಮ್ಮ ಮನೆಯ ಬಾವಿಕಟ್ಟೆಯಲ್ಲಿ ಉಂಟು ಆಂಟಿ. ಸ್ವಲ್ಪ ಹಳದಿ ಬಣ್ಣ ತಾಗಿದೆ. ನಾಳೆ ಬೆಳಿಗ್ಗೆ ತರುತ್ತೇನೆ.